ಖಾಲಿಯಾಗಿ ವಾಪಸ್ ಬರುವ ಬಿಲ್ಲೆಗಳು: ಕೋಶ ಉಸಿರಾಟದ ಮಾದರಿ ಕಿಟ್ ಬಳಸಿ ನೋಡಿದ ಮೇಲೆ

ಈ ಕಿಟ್ ಕೊಳ್ಳಬಹುದಾ ಅಂತ ಕೇಳುವವರಿಗೆ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಕೊಳ್ಳಿ. ಆದರೆ ಜೊತೆಗೆ ಬರುವ ಕೈಪಿಡಿಯ ಕೊನೆಯ ಪುಟವನ್ನು ನಂಬಬೇಡಿ. ಎಫ್‌ಎಡಿ ಅನ್ನುವ ವಾಹಕದ ಬಿಲ್ಲೆಯನ್ನು ಪೆಟ್ಟಿಗೆಯಿಂದ ತೆಗೆದ ಕೂಡಲೇ ಎರಡನೇ ಬ್ಲಾಕಿಗೆ ಅಂಟಿಸಿಬಿಡಿ. ಈ ಎರಡು ವಿಷಯ ಸರಿಮಾಡಿಕೊಂಡರೆ, ಎಲೆಕ್ಟ್ರಾನ್ ವಾಹಕಗಳ, ಅಂದರೆ ಆಹಾರದಿಂದ ಕಿತ್ತ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯುವ ಅಣುಗಳ ಬಗ್ಗೆ ಇಷ್ಟು ಚೆನ್ನಾಗಿ ಕಲಿಸುವ ಇನ್ನೊಂದು ಸಾಧನವನ್ನು ನಾನು ನೋಡಿಲ್ಲ.

ನಾನು ಜೀವಶಾಸ್ತ್ರ ಕಲಿಸುವವಳು. ಕೋಶ ಉಸಿರಾಟದ ಪಾಠ ಬಂದಾಗ ಮಕ್ಕಳು ಲೆಕ್ಕವನ್ನು ಬಾಯಿಪಾಠ ಮಾಡಿಬಿಡುತ್ತಾರೆ. ಒಂದು ಗ್ಲೂಕೋಸಿಗೆ 10 ಎನ್‌ಎಡಿಎಚ್, 2 ಎಫ್‌ಎಡಿಎಚ್2. ಎನ್‌ಎಡಿ, ಎಫ್‌ಎಡಿ ಅನ್ನುವ ವಾಹಕಗಳು ಎಲೆಕ್ಟ್ರಾನ್ ತುಂಬಿಕೊಂಡಾಗಿನ ಹೆಸರುಗಳಿವು. ಎನ್‌ಎಡಿಎಚ್ ಏನು ಮಾಡುತ್ತದೆ ಅಂತ ಕೇಳಿದರೆ "ಶಕ್ತಿ ಕೊಡುತ್ತದೆ ಮೇಡಂ" ಅನ್ನುತ್ತಾರೆ. ಅದು ಎಲ್ಲಿಂದ ಏನನ್ನು ಹೊತ್ತು ತಂದಿತು, ಯಾರ ಕೈಗೆ ಕೊಟ್ಟಿತು ಅಂತ ಕೇಳಿದರೆ ಒಂದಿಬ್ಬರು ಹೇಳುತ್ತಾರೆ. ಕೊಟ್ಟ ಮೇಲೆ ಅದಕ್ಕೇನಾಯಿತು ಅನ್ನುವ ಪ್ರಶ್ನೆಗೆ ಮಾತ್ರ ಇಡೀ ತರಗತಿ ಸುಮ್ಮನಾಗುತ್ತದೆ. ವಾಹಕ ಅನ್ನುವುದರ ತಿರುಳೇ ಆ ಪ್ರಶ್ನೆಯಲ್ಲಿದೆ. ಹೊತ್ತದ್ದನ್ನು ಇಳಿಸಿ ಖಾಲಿಯಾಗಿ ವಾಪಸ್ ಬಂದರೆ ಮಾತ್ರ ಅದು ವಾಹಕ. ವಾಪಸ್ ಬರದಿದ್ದರೆ ಕೆಲಸವೇ ನಿಂತುಹೋಗುತ್ತದೆ. ಈ ಕಿಟ್ ಮಾಡಿದವರಿಗೆ ಅದು ಗೊತ್ತಿದೆ.

ಪೆಟ್ಟಿಗೆಯಲ್ಲಿ ಏನಿದೆ ಅಂದರೆ, ಮಡಚಿಡುವ ಒಂದು ದೊಡ್ಡ ಬೋರ್ಡ್. ಅದರ ಮೇಲೆ ಕೋಶದ ಸೈಟೊಪ್ಲಾಸಂ, ಒಳಗೆ ಮೈಟೊಕಾಂಡ್ರಿಯಾ, ಅದರ ಎರಡು ಪೊರೆಗಳು ಅಚ್ಚಾಗಿವೆ. ಒಳಪೊರೆಯ ಜಾಗದಲ್ಲಿ ಉದ್ದಕ್ಕೂ ಒಂದು ಸೀಳು. ಅದರಲ್ಲಿ 4 ಬ್ಲಾಕುಗಳನ್ನು ನಿಲ್ಲಿಸಬೇಕು. ಅವೇ ಒಂದರಿಂದ ನಾಲ್ಕರವರೆಗಿನ ಕಾಂಪ್ಲೆಕ್ಸ್‌ಗಳು, ಅಂದರೆ ಎಲೆಕ್ಟ್ರಾನುಗಳನ್ನು ಮುಂದಕ್ಕೆ ದಾಟಿಸುವ ಪ್ರೋಟೀನ್ ಗುಂಪುಗಳು. ಕೊನೆಯಲ್ಲಿ ಕೈಯಿಂದ ತಿರುಗಿಸುವ ಒಂದು ಚಕ್ರ. ಕೋಶದ ಕೆಲಸಗಳಿಗೆ ಶಕ್ತಿ ಕೊಡುವ ಎಟಿಪಿ ಅಣುವನ್ನು ಮಾಡುವ ಕಿಣ್ವ ಅದು. ಎಲೆಕ್ಟ್ರಾನಿಗೆ 24 ಕೆಂಪು ಮಣಿ. ಪ್ರೋಟಾನಿಗೆ ಒಂದು ಚೀಲದ ತುಂಬ ಸಣ್ಣ ಬಿಳಿ ಮಣಿ. ಆಮ್ಲಜನಕದ 6 ತುಂಡುಗಳು, ಒಂದೊಂದರಲ್ಲೂ 4 ಗುಳಿ. ಇವೆಲ್ಲಕ್ಕಿಂತ ಮುಖ್ಯವಾಗಿ 8 ಎನ್‌ಎಡಿ ಬಿಲ್ಲೆಗಳು. 4ಕ್ಕೆ ಹಳದಿ ಅಂಚು, ಅವು ಸೈಟೊಪ್ಲಾಸಂನವು. ಉಳಿದ 4ಕ್ಕೆ ಹಸಿರು ಅಂಚು, ಅವು ಮೈಟೊಕಾಂಡ್ರಿಯಾದ ಒಳಗಿನವು. ಹಳದಿ ಬಿಲ್ಲೆ ಒಳಗೆ ಬರುವಂತಿಲ್ಲ, ಹಸಿರು ಬಿಲ್ಲೆ ಹೊರಗೆ ಹೋಗುವಂತಿಲ್ಲ. ಇದು ಆಟಕ್ಕಾಗಿ ಮಾಡಿದ ನಿಯಮ ಅಲ್ಲ. ಎನ್‌ಎಡಿಎಚ್ ನಿಜವಾಗಿಯೂ ಒಳಪೊರೆಯನ್ನು ದಾಟಲಾರದು. ಅದರ ಎಲೆಕ್ಟ್ರಾನುಗಳನ್ನು ಬೇರೆ ಅಣುಗಳು ಒಳಗೆ ದಾಟಿಸಬೇಕು. ಅದಕ್ಕೆ ಎರಡು ಕಾರ್ಡ್ ಕೊಟ್ಟಿದ್ದಾರೆ. ಒಂದು ಮಾಲೇಟ್-ಆಸ್ಪಾರ್ಟೇಟ್ ದಾರಿ, ಇನ್ನೊಂದು ಗ್ಲಿಸರಾಲ್ ಫಾಸ್ಫೇಟ್ ದಾರಿ.

ಎನ್‌ಎಡಿ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಅದರಲ್ಲಿ ಕೆಂಪು ಮಣಿಗೆ ಎರಡು ಗುಳಿ, ಬಿಳಿ ಮಣಿಗೆ ಒಂದೇ ಗುಳಿ. "ಎನ್‌ಎಡಿಎಚ್ ಪಕ್ಕದಲ್ಲಿ ಇನ್ನೊಂದು ಎಚ್ ಪ್ಲಸ್ ಯಾಕೆ ಬರೆಯುತ್ತಾರೆ?" ಅನ್ನುವುದು ಪ್ರತಿ ತರಗತಿಯಲ್ಲೂ ಬರುವ ಪ್ರಶ್ನೆ. ಆಹಾರದ ಅಣುವಿನಿಂದ ಎರಡು ಹೈಡ್ರೋಜನ್ ಕಿತ್ತರೆ ಎರಡು ಎಲೆಕ್ಟ್ರಾನ್, ಎರಡು ಪ್ರೋಟಾನ್ ಸಿಗುತ್ತವೆ. ಎನ್‌ಎಡಿ ಪ್ಲಸ್ ತೆಗೆದುಕೊಳ್ಳುವುದು ಎರಡೂ ಎಲೆಕ್ಟ್ರಾನ್ ಮತ್ತು ಒಂದೇ ಪ್ರೋಟಾನ್. ಇದನ್ನು ಹೈಡ್ರೈಡ್ ಅನ್ನುತ್ತೇವೆ. ಉಳಿದ ಒಂದು ಪ್ರೋಟಾನ್ ಸುತ್ತಲಿನ ನೀರಿಗೆ ಹೋಗುತ್ತದೆ. ಕಿಟ್‌ನಲ್ಲಿ ಮಣಿ ಜೋಡಿಸುವಾಗ ಒಂದು ಬಿಳಿ ಮಣಿ ಕೈಯಲ್ಲೇ ಉಳಿಯುತ್ತದೆ. ಅದನ್ನು ಬೋರ್ಡಿನ ಮೇಲೆ ಇಡಲೇಬೇಕು. ಹಾಗೆ ಇಟ್ಟ ಮಕ್ಕಳು ಆಮೇಲೆ ಸಮೀಕರಣ ಬರೆಯುವಾಗ ಎಚ್ ಪ್ಲಸ್ ಮರೆಯುವುದಿಲ್ಲ. ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದು ತೋರಿಸಿದರೂ ಬಾರದ್ದು ಇಲ್ಲಿ ಸಲೀಸಾಗಿ ಬಂತು.

24 ಕೆಂಪು ಮಣಿಯ ಆಯ್ಕೆಯೂ ಸುಮ್ನೆ ಮಾಡಿದ್ದಲ್ಲ. ಒಂದು ಗ್ಲೂಕೋಸನ್ನು ಪೂರ್ತಿ ಒಡೆದಾಗ ಸಿಗುವ ಎಲೆಕ್ಟ್ರಾನುಗಳು 24, ಅಂದರೆ 12 ಜೋಡಿ. ಸೈಟೊಪ್ಲಾಸಂನಲ್ಲಿ ಗ್ಲೂಕೋಸ್ ಒಡೆದು ಪೈರುವೇಟ್ ಆಗುವ ಗ್ಲೈಕಾಲಿಸಿಸ್‌ನಲ್ಲಿ 2 ಜೋಡಿ, ಮೈಟೊಕಾಂಡ್ರಿಯಾದ ಒಳಗೆ ಆ ಪೈರುವೇಟ್ ಅಸಿಟೈಲ್ ಕೋಎ ಆಗುವಾಗ 2 ಜೋಡಿ, ಅದನ್ನು ಪೂರ್ತಿ ಒಡೆಯುವ ಕ್ರೆಬ್ಸ್ ಚಕ್ರದಲ್ಲಿ 8 ಜೋಡಿ. ಇದರಲ್ಲಿ 10 ಜೋಡಿ ಎನ್‌ಎಡಿ ಮೇಲೆ, 2 ಜೋಡಿ ಎಫ್‌ಎಡಿ ಮೇಲೆ. ಕೊನೆಯಲ್ಲಿ ಆಮ್ಲಜನಕದ 6 ಅಣು. ಒಂದೊಂದು ಅಣು 4 ಎಲೆಕ್ಟ್ರಾನ್ ತೆಗೆದುಕೊಂಡು ನೀರಾಗುತ್ತದೆ. ಆರು ನಾಲ್ಕಲಿ ಇಪ್ಪತ್ತನಾಲ್ಕು. ಉಸಿರಾಟದ ಸಮೀಕರಣದಲ್ಲಿ 6 ಆಮ್ಲಜನಕ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ನೇರವಾದ ಉತ್ತರ ಇಲ್ಲ. ಗ್ಲೂಕೋಸ್ ತುಂಡಿನಲ್ಲಿದ್ದ ಕೊನೆಯ ಕೆಂಪು ಮಣಿ ಕೊನೆಯ ಆಮ್ಲಜನಕದ ಕೊನೆಯ ಗುಳಿಗೆ ಬಂದು ಕೂರುತ್ತದೆ. ಒಂದೂ ಉಳಿಯುವುದಿಲ್ಲ, ಒಂದೂ ಸಾಲದೆ ಹೋಗುವುದಿಲ್ಲ. ಮಕ್ಕಳು ಆ ಹೊತ್ತಿಗೆ ಚಪ್ಪಾಳೆ ತಟ್ಟುತ್ತಾರೆ. ತಟ್ಟಬೇಕಾದ್ದೇ.

ಈಗ ಬಿಲ್ಲೆಗಳ ವಿಷಯಕ್ಕೆ ಬರುತ್ತೇನೆ. ಮೈಟೊಕಾಂಡ್ರಿಯಾದ ಒಳಗೆ ಒಂದು ಗ್ಲೂಕೋಸಿಗೆ 8 ಎನ್‌ಎಡಿಎಚ್ ಆಗಬೇಕು. ಆದರೆ ಹಸಿರು ಬಿಲ್ಲೆ ಇರುವುದು 4. ಅರ್ಧ ದಾರಿಯಲ್ಲಿ ಬಿಲ್ಲೆ ಮುಗಿದುಹೋಗುತ್ತದೆ. ಆಗ ಮಕ್ಕಳು ಮೊದಲು ಪೆಟ್ಟಿಗೆಯಲ್ಲಿ ಹುಡುಕುತ್ತಾರೆ. ಕಿಟ್‌ನಲ್ಲಿ ಬಿಲ್ಲೆ ಕಡಿಮೆ ಬಂದಿದೆ ಅಂತ ದೂರುತ್ತಾರೆ. ಸ್ವಲ್ಪ ಹೊತ್ತು ಏನೂ ಹೇಳದೆ ಬಿಟ್ಟರೆ ಅವರೇ ದಾರಿ ಕಂಡುಕೊಳ್ಳುತ್ತಾರೆ. ತುಂಬಿದ ಬಿಲ್ಲೆಯನ್ನು ಒಂದನೇ ಕಾಂಪ್ಲೆಕ್ಸಿಗೆ ಒಯ್ದು, ಮಣಿ ಇಳಿಸಿ, ಖಾಲಿ ಬಿಲ್ಲೆಯನ್ನು ಕ್ರೆಬ್ಸ್ ಚಕ್ರಕ್ಕೆ ವಾಪಸ್ ತರುತ್ತಾರೆ. ಪುಸ್ತಕದ ಚಿತ್ರಗಳಲ್ಲಿ ಬಾಣ ಒಂದೇ ಕಡೆಗೆ ಹೋಗುತ್ತದೆ, ವಾಪಸ್ ಬರುವ ಬಾಣ ಇದ್ದರೂ ಯಾರೂ ಗಮನಿಸುವುದಿಲ್ಲ. ಇಲ್ಲಿ ಅದನ್ನು ಗಮನಿಸದೆ ಮುಂದೆ ಹೋಗುವುದೇ ಸಾಧ್ಯವಿಲ್ಲ.

ಇನ್ನೊಂದು ಹೆಜ್ಜೆ ಮುಂದೆ ಹೋಗಿ. ಆಮ್ಲಜನಕದ ತುಂಡುಗಳನ್ನೆಲ್ಲ ಬೋರ್ಡಿನಿಂದ ತೆಗೆದುಬಿಡಿ. ಇದನ್ನು ಕೈಪಿಡಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದಾರೆ. ನನ್ನ ಪ್ರಕಾರ ಇದು ಮೊದಲ ಪುಟದಲ್ಲಿ ಇರಬೇಕಿತ್ತು. ಆಮ್ಲಜನಕ ಇಲ್ಲದಿದ್ದರೆ ನಾಲ್ಕನೇ ಕಾಂಪ್ಲೆಕ್ಸ್ ಮಣಿ ಇಳಿಸಲಾರದು. ಅದು ತುಂಬಿರುವುದರಿಂದ ಮೂರನೆಯದು ಕೊಡಲಾರದು. ಹೀಗೆ ಹಿಂದಕ್ಕೆ ಹಿಂದಕ್ಕೆ ಎಲ್ಲವೂ ಕಟ್ಟಿಕೊಳ್ಳುತ್ತದೆ. ಹಸಿರು ಬಿಲ್ಲೆ ನಾಲ್ಕೂ ತುಂಬಿ ಕೂರುತ್ತವೆ. ಹೊರಗಡೆ ಗ್ಲೈಕಾಲಿಸಿಸ್ ಇನ್ನೂ ನಡೆಯುತ್ತಿರುತ್ತದೆ. ಒಂದು ಗ್ಲೂಕೋಸಿಗೆ 2 ಹಳದಿ ಬಿಲ್ಲೆ. ಎರಡನೇ ಗ್ಲೂಕೋಸ್ ಮುಗಿಯುವಷ್ಟರಲ್ಲಿ ಅವು ನಾಲ್ಕೂ ತುಂಬಿಹೋಗುತ್ತವೆ. ಮೂರನೆಯದನ್ನು ಕೈಯಲ್ಲಿ ಹಿಡಿದಿದ್ದ ಹುಡುಗಿ ಕೇಳಿದಳು, "ಮೇಡಂ, ಗ್ಲೂಕೋಸ್ ಇದೆ, ಆದ್ರೆ ಖಾಲಿ ಎನ್‌ಎಡಿ ಇಲ್ವಲ್ಲ. ಈಗ ಏನು ಮಾಡೋದು?"

ಕೋಶಕ್ಕೂ ಇದೇ ಪರಿಸ್ಥಿತಿ. ಅದಕ್ಕೆ ಕಿಟ್‌ನಲ್ಲಿ ಎರಡು ಕಾರ್ಡ್ ಇವೆ. ಒಂದರಲ್ಲಿ ಪೈರುವೇಟ್ ಆ ಮಣಿಗಳನ್ನು ತೆಗೆದುಕೊಂಡು ಲ್ಯಾಕ್ಟೇಟ್ ಆಗುತ್ತದೆ. ನಮ್ಮ ಸ್ನಾಯುಗಳಲ್ಲಿ ನಡೆಯುವುದು ಇದು. ಇನ್ನೊಂದರಲ್ಲಿ ಪೈರುವೇಟ್ ಮೊದಲು ಇಂಗಾಲದ ಡೈಆಕ್ಸೈಡ್ ಬಿಟ್ಟು ಅಸಿಟಾಲ್ಡಿಹೈಡ್ ಆಗಿ, ಆಮೇಲೆ ಮಣಿ ತೆಗೆದುಕೊಂಡು ಎಥೆನಾಲ್ ಆಗುತ್ತದೆ. ಯೀಸ್ಟಿನ ದಾರಿ ಅದು. ಹುದುಗುವಿಕೆಯಿಂದ ಶಕ್ತಿ ಬರುತ್ತದೆ ಅಂತ ಹೇಳುತ್ತೇವಲ್ಲ, ಲ್ಯಾಕ್ಟೇಟ್ ಆಗುವ ಆ ಹೆಜ್ಜೆಯಲ್ಲಿ ಒಂದು ಎಟಿಪಿಯೂ ಹುಟ್ಟುವುದಿಲ್ಲ. ಆ ಹೆಜ್ಜೆ ಇರುವುದೇ ಎನ್‌ಎಡಿಯನ್ನು ಖಾಲಿ ಮಾಡುವುದಕ್ಕೆ. ಖಾಲಿ ಬಿಲ್ಲೆ ಸಿಕ್ಕರೆ ಗ್ಲೈಕಾಲಿಸಿಸ್ ಮುಂದುವರಿಯುತ್ತದೆ, ಒಂದು ಗ್ಲೂಕೋಸಿಗೆ 2 ಎಟಿಪಿಯಾದರೂ ಸಿಗುತ್ತದೆ. ಈ ಒಂದು ಪಾಠಕ್ಕಾಗಿಯೇ ನಾನು ಈ ಕಿಟ್ ಅನ್ನು ಎಲ್ಲರಿಗೂ ಹೇಳುತ್ತಿರುವುದು.

ವಾಪಸ್ ಬರುವ ವಾಹಕ ಸ್ವಲ್ಪವೇ ಇದ್ದರೆ ಸಾಕು. ಇದರ ಪುರಾವೆ ನಮ್ಮ ದೇಹದಲ್ಲೇ ಇದೆ. ದಿನಕ್ಕೆ ನಾವು ಗ್ಲೂಕೋಸನ್ನು ನೂರಾರು ಗ್ರಾಂ ಲೆಕ್ಕದಲ್ಲಿ ಉರಿಸುತ್ತೇವೆ. ಎನ್‌ಎಡಿ ಮಾಡಿಕೊಳ್ಳಲು ಬೇಕಾಗುವ ನಿಯಾಸಿನ್, ಅಂದರೆ ಬಿ3 ವಿಟಮಿನ್, ದಿನಕ್ಕೆ ಸುಮಾರು 14ರಿಂದ 16 ಮಿಲಿಗ್ರಾಂ. ಎಫ್‌ಎಡಿಗೆ ಬೇಕಾದ ರೈಬೊಫ್ಲೇವಿನ್, ಅಂದರೆ ಬಿ2, ಸುಮಾರು 1 ಮಿಲಿಗ್ರಾಂ ಚಿಲ್ಲರೆ. ಅದೇ ಅಣು ಮತ್ತೆ ಮತ್ತೆ ತುಂಬಿ ಖಾಲಿಯಾಗುವುದರಿಂದ ಇಷ್ಟು ಕಡಿಮೆ ಸಾಕಾಗುತ್ತದೆ. ಆ ಕಡಿಮೆಯೂ ಸಿಗದಿದ್ದರೆ ಪೆಲ್ಲಾಗ್ರ ಬರುತ್ತದೆ. ಚರ್ಮ, ಕರುಳು, ಮಿದುಳು ಮೂರೂ ಕೆಡುತ್ತವೆ. 1937ರಲ್ಲಿ ಕಾನ್ರಾಡ್ ಎಲ್ವೆಜೆಮ್ ಅವರ ತಂಡ ನಾಯಿಗಳಲ್ಲಿ ಇದಕ್ಕೆ ಸಮನಾದ ಕಪ್ಪು ನಾಲಿಗೆ ರೋಗವನ್ನು ನಿಕೊಟಿನಿಕ್ ಆಮ್ಲ ಕೊಟ್ಟು ಗುಣಪಡಿಸಿತು. ಕೈಪಿಡಿಯಲ್ಲಿ ಈ ವಿಟಮಿನ್ ವಿಷಯ ಒಂದು ಸಾಲು ಮಾತ್ರ ಇದೆ. ಮಕ್ಕಳಿಗೆ ಎಲ್ಲಕ್ಕಿಂತ ಜಾಸ್ತಿ ಮನಸ್ಸಿಗೆ ತಟ್ಟುವುದು ಇದೇ, ಹಾಗಾಗಿ ಒಂದು ಪುಟವಾದರೂ ಬೇಕಿತ್ತು.

ಇತಿಹಾಸಕ್ಕೂ ಅರ್ಧ ಪುಟ ಕೊಟ್ಟಿದ್ದಾರೆ, ಅದು ಚೆನ್ನಾಗಿದೆ. 1906ರಲ್ಲಿ ಆರ್ಥರ್ ಹಾರ್ಡನ್ ಮತ್ತು ವಿಲಿಯಂ ಯಂಗ್ ಯೀಸ್ಟಿನ ರಸವನ್ನು ಸೋಸಿ ಎರಡು ಭಾಗ ಮಾಡಿದರು. ಎರಡರಲ್ಲಿ ಯಾವುದೂ ಒಂಟಿಯಾಗಿ ಸಕ್ಕರೆಯನ್ನು ಹುದುಗಿಸಲಿಲ್ಲ. ಸೇರಿಸಿದರೆ ಮತ್ತೆ ಕೆಲಸ ಶುರು. ಸಣ್ಣ ಅಣುಗಳಿದ್ದ ಭಾಗವನ್ನು ಕುದಿಸಿ ಸೇರಿಸಿದರೂ ಕೆಲಸ ನಡೆಯಿತು. ಅಂದರೆ ಅದರಲ್ಲಿದ್ದದ್ದು ಕಿಣ್ವ ಅಲ್ಲ, ಶಾಖ ತಡೆಯುವ ಇನ್ನೇನೋ. ಆ ಇನ್ನೇನೋದಲ್ಲಿ ಮುಖ್ಯವಾದದ್ದು ಎನ್‌ಎಡಿ. ಮುಂದೆ ಹಾರ್ಡನ್ ಮತ್ತು ಹಾನ್ಸ್ ಫಾನ್ ಆಯ್ಲರ್-ಕೆಲ್ಪಿನ್ 1929ರ ನೊಬೆಲ್ ಹಂಚಿಕೊಂಡರು. ಹೈಡ್ರೋಜನ್ ಹೊರುವುದೇ ಇದರ ಕೆಲಸ ಅಂತ 1936ರಲ್ಲಿ ಒಟ್ಟೊ ವಾರ್ಬುರ್ಗ್ ತೋರಿಸಿದರು.

ಇನ್ನು ತಪ್ಪುಗಳು. ಮೊದಲನೆಯದು ಎಫ್‌ಎಡಿ. ಕಿಟ್‌ನಲ್ಲಿ ಅದನ್ನೂ ಎನ್‌ಎಡಿ ಹಾಗೆಯೇ ಬಿಡಿ ಬಿಲ್ಲೆ ಮಾಡಿದ್ದಾರೆ. ಕ್ರೆಬ್ಸ್ ಚಕ್ರದಲ್ಲಿ ತುಂಬಿಸಿಕೊಂಡು, ಬೋರ್ಡಿನ ಮೇಲೆ ನಡೆಸಿಕೊಂಡು ಹೋಗಿ, ಎರಡನೇ ಕಾಂಪ್ಲೆಕ್ಸಿಗೆ ಕೊಡಬೇಕಂತೆ. ಹಾಗಲ್ಲ. ಕ್ರೆಬ್ಸ್ ಚಕ್ರದಲ್ಲಿ ಬರುವ ಸಕ್ಸಿನೇಟ್ ಅನ್ನುವ ಅಣುವಿನಿಂದ ಎಲೆಕ್ಟ್ರಾನ್ ಕೀಳುವ ಕಿಣ್ವವೇ ಎರಡನೇ ಕಾಂಪ್ಲೆಕ್ಸ್. ಎಫ್‌ಎಡಿ ಆ ಕಿಣ್ವಕ್ಕೆ ಗಟ್ಟಿಯಾಗಿ ಅಂಟಿಕೊಂಡೇ ಇರುತ್ತದೆ. ಅದು ಎಲ್ಲಿಗೂ ಹೋಗುವುದಿಲ್ಲ. ಕ್ರೆಬ್ಸ್ ಚಕ್ರದ ಒಂದು ಹೆಜ್ಜೆ ಒಳಪೊರೆಯ ಮೇಲೆಯೇ ನಡೆಯುತ್ತದೆ, ಅಲ್ಲಿಂದಲೇ ಎಲೆಕ್ಟ್ರಾನ್ ಸಾಲಿಗೆ ಸೇರುತ್ತದೆ. ಪುಸ್ತಕಗಳ ಲೆಕ್ಕದಲ್ಲಿ ಎನ್‌ಎಡಿಎಚ್ ಪಕ್ಕದಲ್ಲೇ ಎಫ್‌ಎಡಿಎಚ್2 ಬರೆಯುವುದರಿಂದ ಇವೆರಡೂ ಒಂದೇ ತರಹ ಓಡಾಡುತ್ತವೆ ಅನ್ನುವ ಭಾವನೆ ಮೊದಲೇ ಇರುತ್ತದೆ. ಕಿಟ್ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ನಾನು ಎರಡು ಬದಿ ಅಂಟಿರುವ ಟೇಪ್ ಹಾಕಿ ಒಂದು ಎಫ್‌ಎಡಿ ಬಿಲ್ಲೆಯನ್ನು ಎರಡನೇ ಬ್ಲಾಕಿನ ಮೈಮೇಲೆ ಅಂಟಿಸಿದ್ದೇನೆ. ಸಕ್ಸಿನೇಟ್ ಕಾರ್ಡನ್ನು ಅಲ್ಲಿಗೇ ತರಬೇಕು. ಅಷ್ಟು ಮಾಡಿದರೆ ಸರಿಹೋಗುತ್ತದೆ.

ಕಾಂಪ್ಲೆಕ್ಸುಗಳ ನಡುವೆ ಎಲೆಕ್ಟ್ರಾನ್ ಸಾಗಿಸುವ ಮುಂದಿನ ಎರಡು ವಾಹಕಗಳನ್ನು ಮಾತ್ರ ಬಹಳ ಯೋಚಿಸಿ ಮಾಡಿದ್ದಾರೆ. ಯುಬಿಕ್ವಿನೋನ್ ಅನ್ನು ಪೊರೆಯ ಸೀಳಿನೊಳಗೆ ಜಾರುವ ತುಂಡಾಗಿ ಕೊಟ್ಟಿದ್ದಾರೆ. ಸೀಳಿನಿಂದ ಹೊರಗೆ ತೆಗೆಯಲು ಬರುವುದಿಲ್ಲ. 1957ರಲ್ಲಿ ಫ್ರೆಡೆರಿಕ್ ಕ್ರೇನ್ ದನದ ಹೃದಯದ ಮೈಟೊಕಾಂಡ್ರಿಯಾದಿಂದ ಇದನ್ನು ಬೇರ್ಪಡಿಸಿದರು. ಮನುಷ್ಯರಲ್ಲಿ ಇದಕ್ಕೆ 10 ಐಸೊಪ್ರೀನ್ ಘಟಕಗಳ ಉದ್ದನೆಯ ಬಾಲ ಇದೆ. ಆ ಬಾಲ ಕೊಬ್ಬಿನಲ್ಲಿ ಕರಗುವಂಥದ್ದು, ಹಾಗಾಗಿ ಇಡೀ ಅಣು ಪೊರೆಯೊಳಗೇ ಓಡಾಡುತ್ತದೆ. ಎರಡು ಎಲೆಕ್ಟ್ರಾನ್ ಜೊತೆಗೆ ಎರಡು ಪ್ರೋಟಾನುಗಳನ್ನೂ ಹೊರುತ್ತದೆ. ತುಂಡಿನಲ್ಲಿ ಸರಿಯಾಗಿ ಎರಡು ಕೆಂಪು ಗುಳಿ, ಎರಡು ಬಿಳಿ ಗುಳಿ ಇವೆ. ಸೈಟೊಕ್ರೋಮ್ ಸಿ ಪೊರೆಯ ಹೊರಬದಿಯಲ್ಲಿ ಉರುಳುವ ಒಂದು ಗುಂಡು. ಅದಕ್ಕೆ ಒಂದೇ ಒಂದು ಕೆಂಪು ಗುಳಿ, ಬಿಳಿ ಗುಳಿ ಇಲ್ಲವೇ ಇಲ್ಲ. ಅದರೊಳಗಿನ ಕಬ್ಬಿಣದ ಅಯಾನ್ ಒಂದು ಸಲಕ್ಕೆ ಒಂದೇ ಎಲೆಕ್ಟ್ರಾನ್ ತೆಗೆದುಕೊಳ್ಳುತ್ತದೆ, ಮೂರು ಧನದಿಂದ ಎರಡು ಧನಕ್ಕೆ ಇಳಿಯುತ್ತದೆ, ಕೊಟ್ಟ ಮೇಲೆ ಮತ್ತೆ ಮೂರಕ್ಕೆ ಹೋಗುತ್ತದೆ.

ಇದರಿಂದ ಒಂದು ಒಳ್ಳೆಯ ತೊಡಕು ಹುಟ್ಟುತ್ತದೆ. ಜೋಡಿಯಾಗಿ ಬಂದ ಮಣಿಗಳು ಮೂರನೇ ಕಾಂಪ್ಲೆಕ್ಸಿನಲ್ಲಿ ಬೇರೆಯಾಗಬೇಕು, ಒಂದೊಂದಾಗಿ ಹೋಗಬೇಕು. ನಿಜವಾದ ಕೋಶದಲ್ಲಿ ಈ ಬೇರ್ಪಡಿಸುವಿಕೆಗೆ ಕ್ಯೂ ಚಕ್ರ ಅನ್ನುವ ಸುತ್ತುದಾರಿಯಿದೆ. ಕಿಟ್ ಅದನ್ನು ಬಿಟ್ಟಿದೆ. ಮೊದಲ ಸಲ ಕಲಿಯುವವರಿಗೆ ಬಿಟ್ಟದ್ದೇ ಒಳ್ಳೆಯದು. ಆದರೆ ನಾಲ್ಕನೇ ಕಾಂಪ್ಲೆಕ್ಸಿನ ಮೇಲೆ 4 ಗುಳಿ ಇಟ್ಟಿರುವುದು ಬಹಳ ಸರಿ. 4 ಗುಂಡುಗಳು ಬಂದು 4 ಮಣಿ ಕೊಟ್ಟ ಮೇಲೆಯೇ ಒಂದು ಆಮ್ಲಜನಕ ನೀರಾಗುತ್ತದೆ.

ಬೋರ್ಡಿನ ಅಂಚಿನಲ್ಲಿ ಒಂದು ವೋಲ್ಟ್ ಪಟ್ಟಿಯಿದೆ. ಯಾವ ಅಣು ಎಲೆಕ್ಟ್ರಾನನ್ನು ಎಷ್ಟು ಬಲವಾಗಿ ಎಳೆದುಕೊಳ್ಳುತ್ತದೆ ಅನ್ನುವುದರ ಅಳತೆ ಅದು. ಎನ್‌ಎಡಿಎಚ್ ಹತ್ತಿರ ಮೈನಸ್ 0.32, ಆಮ್ಲಜನಕದ ಹತ್ತಿರ ಪ್ಲಸ್ 0.82. ಒಟ್ಟು ಇಳಿತ 1.14 ವೋಲ್ಟ್. ಒಂದು ಮೋಲ್ ಎನ್‌ಎಡಿಎಚ್‌ಗೆ ಸುಮಾರು 220 ಕಿಲೋಜೂಲ್. ಇಷ್ಟನ್ನೂ ಒಂದೇ ಸಲಕ್ಕೆ ಬಿಟ್ಟರೆ ಎಲ್ಲವೂ ಶಾಖವಾಗಿ ಹೋಗುತ್ತದೆ. ಹೈಡ್ರೋಜನ್ ಅನಿಲ ಆಮ್ಲಜನಕದ ಜೊತೆ ನೇರವಾಗಿ ಉರಿದರೆ ಸ್ಫೋಟವೇ ಆಗುತ್ತದೆ. ಇಷ್ಟೊಂದು ವಾಹಕಗಳು ಸಾಲಾಗಿ ಯಾಕಿವೆ ಅನ್ನುವುದಕ್ಕೆ ಉತ್ತರ ಇಲ್ಲಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿದರೆ ಒಂದೊಂದು ಮೆಟ್ಟಿಲಿನಲ್ಲೂ ಸ್ವಲ್ಪ ಶಕ್ತಿಯನ್ನು ಹಿಡಿದುಕೊಳ್ಳಬಹುದು. ವಿಷಯ ಇಷ್ಟು ಚೆನ್ನಾಗಿದ್ದರೂ ಪಟ್ಟಿಯಲ್ಲಿ ಮೆಟ್ಟಿಲುಗಳನ್ನು ಸಮ ಎತ್ತರಕ್ಕೆ ಬರೆದಿದ್ದಾರೆ. ಒಂದನೇ ಕಾಂಪ್ಲೆಕ್ಸಿನ ಇಳಿತ ಸುಮಾರು 0.36 ವೋಲ್ಟ್, ಮೂರನೆಯದರದ್ದು ಸುಮಾರು 0.2, ನಾಲ್ಕನೆಯದರದ್ದು ಸುಮಾರು 0.57. ಎರಡನೆಯದರಲ್ಲಿ ಇಳಿತ ಇಲ್ಲ ಅನ್ನುವಷ್ಟು ಕಡಿಮೆ. ಸಕ್ಸಿನೇಟ್ ಮತ್ತು ಯುಬಿಕ್ವಿನೋನ್ ಹೆಚ್ಚು ಕಡಿಮೆ ಒಂದೇ ಮಟ್ಟದಲ್ಲಿವೆ. ಎರಡನೇ ಕಾಂಪ್ಲೆಕ್ಸ್ ಪ್ರೋಟಾನ್ ಪಂಪ್ ಮಾಡದಿರುವುದಕ್ಕೆ ಕಾರಣ ಇದೇ ಅಲ್ವಾ? ಬ್ಲಾಕಿನಲ್ಲಿ ಬಿಳಿ ಮಣಿ ದಾಟುವ ತೂತು ಇಡದೆ ಸರಿಯಾಗಿ ಮಾಡಿದವರು, ಪಟ್ಟಿಯಲ್ಲಿ ಆ ಕಾರಣವನ್ನೇ ಮರೆಮಾಡಿದ್ದಾರೆ. ನಾನು ಅಳತೆಗೆ ತಕ್ಕಂತೆ ಬೇರೆ ಪಟ್ಟಿ ಬರೆದು ಮೇಲೆ ಅಂಟಿಸಿದೆ.

ನನಗೆ ನಿಜವಾಗಿ ಬೇಸರ ತಂದದ್ದು ಕೈಪಿಡಿಯ ಕೊನೆಯ ಪುಟ. ಅಲ್ಲಿ ದಪ್ಪ ಅಕ್ಷರದಲ್ಲಿ 38 ಎಟಿಪಿ ಅಂತಿದೆ. ಎನ್‌ಎಡಿಎಚ್‌ಗೆ 3, ಎಫ್‌ಎಡಿಎಚ್2ಗೆ 2 ಅನ್ನುವ ಹಳೆಯ ಲೆಕ್ಕ. ಆದರೆ ಅವರದೇ ಮಣಿಗಳು ಬೇರೆ ಮಾತು ಹೇಳುತ್ತವೆ. ಒಂದು ಜೋಡಿ ಕೆಂಪು ಮಣಿ ದಾಟಿದರೆ ಒಂದನೇ ಬ್ಲಾಕಿನಿಂದ 4 ಬಿಳಿ ಮಣಿ, ಮೂರನೆಯದರಿಂದ 4, ನಾಲ್ಕನೆಯದರಿಂದ 2 ಹೊರಗೆ ಹೋಗುತ್ತವೆ. ಎನ್‌ಎಡಿಎಚ್‌ಗೆ 10 ಪ್ರೋಟಾನ್. ಎಫ್‌ಎಡಿ ಮೂಲಕ ಬಂದ ಜೋಡಿ ಒಂದನೇ ಬ್ಲಾಕನ್ನು ಮುಟ್ಟುವುದಿಲ್ಲ, ಹಾಗಾಗಿ 6. ಚಕ್ರದ ಬಳಿ 4 ಬಿಳಿ ಮಣಿ ಒಳಗೆ ಬಂದರೆ ಒಂದು ಎಟಿಪಿ ಬೀಳುತ್ತದೆ. ಫಾಸ್ಫೇಟನ್ನು ಒಳಗೆ ತರುವ ಖರ್ಚೂ ಈ ನಾಲ್ಕರಲ್ಲಿ ಸೇರಿದೆ. ಹತ್ತನ್ನು ನಾಲ್ಕರಿಂದ ಭಾಗಿಸಿ, ಎರಡೂವರೆ. ಆರನ್ನು ನಾಲ್ಕರಿಂದ ಭಾಗಿಸಿ, ಒಂದೂವರೆ. 10 ಎನ್‌ಎಡಿಎಚ್‌ಗೆ 25, 2 ಎಫ್‌ಎಡಿಎಚ್2ಗೆ 3, ಗ್ಲೈಕಾಲಿಸಿಸ್ ಮತ್ತು ಕ್ರೆಬ್ಸ್ ಚಕ್ರದಲ್ಲಿ ನೇರವಾಗಿ ಸಿಗುವ 4. ಒಟ್ಟು 32. ಸೈಟೊಪ್ಲಾಸಂನ ಎಲೆಕ್ಟ್ರಾನುಗಳು ಗ್ಲಿಸರಾಲ್ ಫಾಸ್ಫೇಟ್ ದಾರಿಯಲ್ಲಿ ಬಂದರೆ ಒಂದನೇ ಕಾಂಪ್ಲೆಕ್ಸ್ ತಪ್ಪಿಹೋಗುತ್ತದೆ, ಆಗ 30. ಇಂದು ಒಪ್ಪುವ ಲೆಕ್ಕ ಇದು, ಇದೂ ಅಂದಾಜೇ. ಪ್ರೋಟಾನುಗಳು ಸ್ವಲ್ಪ ಸೋರಿಯೂ ಹೋಗುತ್ತವೆ. ಬೋರ್ಡಿನ ಮೇಲೆ 32 ಎಣಿಸಿದ ಮಕ್ಕಳು ಕೈಪಿಡಿಯಲ್ಲಿ 38 ನೋಡಿ ತಾವೇ ತಪ್ಪು ಮಾಡಿದೆವು ಅಂದುಕೊಳ್ಳುತ್ತಾರೆ. ಅದು ಅನ್ಯಾಯ. ಒಂದು ಪುಟ ಮತ್ತೆ ಅಚ್ಚು ಹಾಕಿಸಿದರೆ ಮುಗಿಯುವ ಕೆಲಸ.

ಅರ್ಧ ಎಟಿಪಿ ಅಂದರೆ ಏನು ಅಂತ ಮಕ್ಕಳು ಕೇಳುತ್ತಾರೆ. ಎಲೆಕ್ಟ್ರಾನ್ ಜೋಡಿ ನೇರವಾಗಿ ಎಟಿಪಿ ಮಾಡುವುದಿಲ್ಲ, ಪ್ರೋಟಾನುಗಳನ್ನು ಹೊರಗೆ ಕೂಡಿಡುತ್ತದೆ, ಆ ಒತ್ತಡ ಚಕ್ರವನ್ನು ತಿರುಗಿಸುತ್ತದೆ ಅಂತ ಗೊತ್ತಾದರೆ ಅರ್ಧದ ತೊಂದರೆ ತಾನಾಗಿ ಹೋಗುತ್ತದೆ. ಪೀಟರ್ ಮಿಚೆಲ್ 1961ರಲ್ಲಿ ಇದನ್ನು ಹೇಳಿದಾಗ ಬಹಳ ಜನ ಒಪ್ಪಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂತು. ಚಕ್ರ ನಿಜವಾಗಿಯೂ ತಿರುಗುತ್ತದೆ ಅನ್ನುವುದನ್ನು 1997ರಲ್ಲಿ ಜಪಾನಿನ ವಿಜ್ಞಾನಿಗಳು ಅದಕ್ಕೊಂದು ಎಳೆ ಅಂಟಿಸಿ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಿದರು.

ಜೊತೆಗೆ ಒಂದು ಕರಿ ಬಿರಡೆ ಇದೆ. ಅದನ್ನು ನಾಲ್ಕನೇ ಬ್ಲಾಕಿಗೆ ಹಾಕಿದರೆ ಸಯನೈಡ್. ಆಮ್ಲಜನಕ ಪಕ್ಕದಲ್ಲೇ ಇರುತ್ತದೆ, ಆದರೆ ಮಣಿ ಅದರ ಕೈಗೆ ಸಿಗುವುದಿಲ್ಲ. ರಕ್ತದಲ್ಲಿ ಆಮ್ಲಜನಕ ತುಂಬಿದ್ದರೂ ಕೋಶ ಸಾಯುವುದು ಹೇಗೆ ಅಂತ ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಪೊರೆಯಲ್ಲಿ ತೆಗೆಯಬಹುದಾದ ಒಂದು ಮುಚ್ಚಳವೂ ಇದೆ. ತೆಗೆದರೆ ಬಿಳಿ ಮಣಿಗಳು ಚಕ್ರವನ್ನು ಬಿಟ್ಟು ಆ ತೂತಿನಿಂದಲೇ ಒಳಗೆ ಬೀಳುತ್ತವೆ. ವಾಹಕಗಳು ಓಡುತ್ತಲೇ ಇರುತ್ತವೆ, ಎಟಿಪಿ ಇಲ್ಲ, ಶಾಖ ಮಾತ್ರ. ಹಸುಗೂಸುಗಳ ಕಂದು ಕೊಬ್ಬು ಮೈ ಬೆಚ್ಚಗಿಡುವುದು ಹೀಗೆ.

ಪುಟ್ಟದೊಂದು ಅತಿನೇರಳೆ ಟಾರ್ಚ್ ಕೂಡ ಇದೆ. ತುಂಬಿದ ಎನ್‌ಎಡಿ ಬಿಲ್ಲೆಯನ್ನು ತಿರುಗಿಸಿಟ್ಟು ಬೆಳಕು ಬಿಟ್ಟರೆ ನೀಲಿಯಾಗಿ ಹೊಳೆಯುತ್ತದೆ, ಖಾಲಿ ಬದಿ ಹೊಳೆಯುವುದಿಲ್ಲ. ಇದು ನಿಜವಾದ ಗುಣ. ಎನ್‌ಎಡಿಎಚ್ 340 ನ್ಯಾನೊಮೀಟರ್ ಬೆಳಕನ್ನು ಹೀರಿ ಸುಮಾರು 460ರ ನೀಲಿ ಬೆಳಕನ್ನು ಬಿಡುತ್ತದೆ. ಎನ್‌ಎಡಿ ಪ್ಲಸ್‌ಗೆ ಆ ಗುಣ ಇಲ್ಲ. ಬ್ರಿಟನ್ ಚಾನ್ಸ್ ಅನ್ನುವ ವಿಜ್ಞಾನಿಯಂಥವರು ಜೀವಂತ ಅಂಗಾಂಶದಲ್ಲಿ ವಾಹಕ ತುಂಬುವುದನ್ನು, ಖಾಲಿಯಾಗುವುದನ್ನು ಈ ಬೆಳಕಿನಿಂದಲೇ ಗಮನಿಸಿದರು. ಎಫ್‌ಎಡಿಯಲ್ಲಿ ಇದು ತಿರುವುಮುರುವು. ಖಾಲಿ ಇದ್ದಾಗ ಹಳದಿ ಬಣ್ಣ, ಹಸಿರು ಹೊಳಪು. ತುಂಬಿದಾಗ ಎರಡೂ ಹೋಗುತ್ತವೆ. ಕಿಟ್‌ನ ಎಫ್‌ಎಡಿ ಬಿಲ್ಲೆಗೆ ಯಾವ ಹೊಳಪೂ ಇಲ್ಲ. ಬಳಿಯಬಹುದಿತ್ತು.

ಪೆಟ್ಟಿಗೆಯ ತಳದಲ್ಲಿ ಎರಡು ಗಾಜಿನ ನಳಿಗೆ, ಒಣ ಯೀಸ್ಟ್, ಗ್ಲೂಕೋಸ್ ಮತ್ತು ಮೀಥೈಲೀನ್ ಬ್ಲೂ ಇವೆ. ಪ್ಲಾಸ್ಟಿಕ್ ಮಣಿಗಳ ಆಟ ಮುಗಿದ ಮೇಲೆ ಇದನ್ನು ಮಾಡಲೇಬೇಕು. ಮೀಥೈಲೀನ್ ಬ್ಲೂ ಕೂಡ ಒಂದು ಎಲೆಕ್ಟ್ರಾನ್ ವಾಹಕ, ಹೊರಗಿನಿಂದ ಹಾಕಿದ್ದು. ಖಾಲಿ ಇದ್ದಾಗ ನೀಲಿ, ಎರಡು ಎಲೆಕ್ಟ್ರಾನ್ ಸಿಕ್ಕರೆ ಬಣ್ಣವಿಲ್ಲ. ಯೀಸ್ಟ್ ಮತ್ತು ಗ್ಲೂಕೋಸ್ ಇರುವ ಬೆಚ್ಚಗಿನ ನೀರಿಗೆ ಒಂದೆರಡು ಹನಿ ಹಾಕಿ ಅಲ್ಲಾಡಿಸದೆ ಇಟ್ಟರೆ ನೀಲಿ ನಿಧಾನವಾಗಿ ಮಾಯವಾಗುತ್ತದೆ. ಗಾಳಿ ತಾಗುವ ಮೇಲ್ಭಾಗದಲ್ಲಿ ಮಾತ್ರ ಒಂದು ನೀಲಿ ಉಂಗುರ ಉಳಿಯುತ್ತದೆ. ನಳಿಗೆಯ ಬಾಯಿ ಮುಚ್ಚಿ ಕುಲುಕಿದರೆ ಇಡೀ ದ್ರವ ಮತ್ತೆ ನೀಲಿ. ಆಮ್ಲಜನಕ ಎಲೆಕ್ಟ್ರಾನ್ ತೆಗೆದುಕೊಂಡು ವಾಹಕವನ್ನು ಖಾಲಿ ಮಾಡಿತು. ಬಿಟ್ಟರೆ ಮತ್ತೆ ಬಣ್ಣ ಹೋಗುತ್ತದೆ. ತುಂಬುವುದು, ಖಾಲಿಯಾಗುವುದು, ಮತ್ತೆ ತುಂಬುವುದು, ಎಲ್ಲವೂ ಬರಿಗಣ್ಣಿಗೆ ಕಾಣುತ್ತದೆ. ಇದಕ್ಕೆ ಹೋಲಿಕೆಯ ನಳಿಗೆ ಹೇಗೆ ಮಾಡಬೇಕು ಅಂತ ಕೈಪಿಡಿ ಹೇಳುವುದಿಲ್ಲ. ಎರಡನೇ ನಳಿಗೆಗೆ ಕುದಿಸಿ ಆರಿಸಿದ ಯೀಸ್ಟ್ ಹಾಕಿ. ಅದರಲ್ಲಿ ನೀಲಿ ಹಾಗೇ ಉಳಿಯಬೇಕು. ಬಣ್ಣ ತೆಗೆದದ್ದು ಜೀವಂತ ಕೋಶ ಅಂತ ಆಗಲೇ ಖಚಿತವಾಗಿ ಹೇಳಬಹುದು.

ತಯಾರಿಕೆ ಪರವಾಗಿಲ್ಲ. ಬೋರ್ಡ್ ಗಟ್ಟಿಯಾಗಿದೆ. ಚಕ್ರದ ಹಿಡಿಕೆ ಸಡಿಲ, ಬೇಗ ಕಳಚಿಕೊಳ್ಳುತ್ತದೆ. ಮಾರಿದವರಿಗೆ ಬರೆದೆ, ಬಿಡಿಭಾಗ ಸಿಗುವುದಿಲ್ಲ, ಹೊಸ ಕಿಟ್ಟೇ ಕೊಳ್ಳಿ ಅಂದರು. ಒಂದು ಹಿಡಿಕೆಗಾಗಿ ಇಡೀ ಪೆಟ್ಟಿಗೆ ಕೊಳ್ಳುವುದು ಯಾವ ನ್ಯಾಯ? ಒಂದು ಸ್ಕ್ರೂ ಹಾಕಿ ಸರಿಮಾಡಿದ್ದೇವೆ. ಬಿಳಿ ಮಣಿಗಳು ಉರುಳಿ ಹೋಗುತ್ತವೆ, ಬೋರ್ಡನ್ನು ಅಂಚಿರುವ ತಟ್ಟೆಯಲ್ಲಿಟ್ಟು ಆಡಿಸಿ. 5 ಜನರಿಗಿಂತ ಜಾಸ್ತಿ ಸುತ್ತ ನಿಂತರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ. ದೊಡ್ಡ ತರಗತಿಯಾದರೆ ಗುಂಪು ಮಾಡಿ ಸರದಿಯಲ್ಲಿ ಕೂರಿಸಬೇಕು. ಒಬ್ಬರೇ ಕೂತು ಓದುವವರಿಗೂ ಇದು ಉಪಯೋಗ, ಆದರೆ ಎನ್‌ಎಡಿ ಹೊರುವವರು ಒಬ್ಬರು, ಕಾಂಪ್ಲೆಕ್ಸ್ ನಡೆಸುವವರು ಒಬ್ಬರು ಅಂತ ಹಂಚಿಕೊಂಡರೆ ಚೆನ್ನಾಗಿ ಮನಸ್ಸಿಗಿಳಿಯುತ್ತದೆ.

ಮುಂದಿನ ಆವೃತ್ತಿಗೆ ನನ್ನ ಕೋರಿಕೆ ಒಂದಿದೆ. ಎನ್‌ಎಡಿಪಿಎಚ್ ಅನ್ನು ಸೇರಿಸಿ. ಎನ್‌ಎಡಿಗೆ ಒಂದು ಫಾಸ್ಫೇಟ್ ಜಾಸ್ತಿ ಇರುವ ಅಣು ಅದು. ಹೊರುವ ಕೆಲಸ ಅದೇ, ಆದರೆ ಕೋಶ ಅದನ್ನು ಮುಖ್ಯವಾಗಿ ಕಟ್ಟುವ ಕೆಲಸಕ್ಕೆ ಬಳಸುತ್ತದೆ, ಕೊಬ್ಬಿನಾಮ್ಲಗಳನ್ನು ಮಾಡುವುದಕ್ಕೆ, ಎಲೆಗಳಲ್ಲಿ ಸಕ್ಕರೆ ಮಾಡುವುದಕ್ಕೆ. ಆ ಒಂದು ಫಾಸ್ಫೇಟಿನ ಗುರುತಿನಿಂದ ಕಿಣ್ವಗಳು ಇದು ಉರಿಸುವುದಕ್ಕೋ ಕಟ್ಟುವುದಕ್ಕೋ ಅಂತ ಬೇರೆ ಮಾಡುತ್ತವೆ. ಅಂಚಿನಲ್ಲಿ ಒಂದು ಪುಟ್ಟ ಉಬ್ಬು ಇರುವ 2 ಬಿಲ್ಲೆ ಕೊಟ್ಟರೆ ಸಾಕು. ಒಂದನೇ ಬ್ಲಾಕಿನ ಗುಳಿಯಲ್ಲಿ ಅವು ಕೂರದ ಹಾಗೆ ಮಾಡಿದರೆ ಉಳಿದದ್ದನ್ನು ಮಕ್ಕಳೇ ಕೇಳುತ್ತಾರೆ.